ಕೊಂಡ ಹಾಡಿನ ಕೀಲಿಕೈ ಯಾರ ಬಳಿ?

ಮಾನ್ಯ ಸಂಪಾದಕರೇ,

ಹಳೆಯ ಐಪಾಡ್‌ಗಳನ್ನು ಇಂದಿನ ಹುಡುಗರು ಹುಡುಕಿ ಹುಡುಕಿ ಕೊಳ್ಳುತ್ತಿರುವ ಬಗ್ಗೆ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಆ ಯಂತ್ರದ ಅಂದವನ್ನೂ ಹೆಬ್ಬೆರಳಿನಲ್ಲಿ ತಿರುಗಿಸುವ ಅದರ ಚಕ್ರವನ್ನೂ ಲೇಖಕರು ಮನಸಾರೆ ಹೊಗಳಿದ್ದಾರೆ. ಹೊಗಳಿಕೆಗೆ ನನ್ನ ತಕರಾರಿಲ್ಲ. ಆದರೆ ಆ ಯಂತ್ರದ ಬೆನ್ನಿಗೇ ಬಂದ ಬೀಗದ, ಎಂದರೆ ಕೊಂಡ ಹಾಡು ಬೇರೆ ಕಂಪನಿಯ ಯಂತ್ರದಲ್ಲಿ ನುಡಿಯದಂತೆ ಮಾಡುವ ತಾಂತ್ರಿಕ ಕಟ್ಟಿನ, ಪ್ರಸ್ತಾಪ ಬರಹದಲ್ಲಿ ಎಲ್ಲಿಯೂ ಇರಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

2001ರ ಅಕ್ಟೋಬರ್‌ನಲ್ಲಿ ಆ್ಯಪಲ್ ಕಂಪನಿ ಐಪಾಡನ್ನು ಹೊರತಂದಾಗ ಅದರ ಬೆಲೆ 399 ಡಾಲರ್. 5 ಜಿಬಿಯ ಡಿಸ್ಕಿನಲ್ಲಿ ಸಾವಿರ ಹಾಡು ಹಿಡಿಯುತ್ತವೆ ಎಂಬುದು ಅದರ ಜಾಹೀರಾತು. ಎಂಪಿ3 ಪ್ಲೇಯರ್‌ಗಳಲ್ಲಿ ಅದೇನೂ ಮೊದಲನೆಯದಲ್ಲ. 1998ರಲ್ಲೇ ರಿಯೊ ಎಂಬ ಪ್ಲೇಯರ್ ಅಮೆರಿಕದ ಮಾರುಕಟ್ಟೆಗೆ ಬಂದಿತ್ತು, ಅದರ ಮೇಲೆ ದಾವೆ ಹೂಡಿದ ಧ್ವನಿಮುದ್ರಣ ಕಂಪನಿಗಳ ಒಕ್ಕೂಟ 1999ರಲ್ಲಿ ಸೋತೂ ಇತ್ತು. ಜನರು ತಮ್ಮ ಬಳಿಯಿರುವ ಹಾಡುಗಳನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದು ತಪ್ಪಲ್ಲ ಎಂದು ಆ ತೀರ್ಪಿನಿಂದ ಖಚಿತವಾದ ಮೇಲೆಯೇ ಉಳಿದವರೆಲ್ಲ ಧೈರ್ಯ ಮಾಡಿದ್ದು.

ಬೀಗ ಬಿದ್ದದ್ದು 2003ರ ಏಪ್ರಿಲ್‌ನಲ್ಲಿ, ಆ್ಯಪಲ್ ಅಂತರ್ಜಾಲದಲ್ಲಿ ಹಾಡು ಮಾರುವ ತನ್ನ ಐಟ್ಯೂನ್ಸ್ ಅಂಗಡಿ ತೆರೆದಾಗ. ಹಾಡೊಂದಕ್ಕೆ 99 ಸೆಂಟ್ ಕೊಟ್ಟು ಕೊಂಡರೆ ಆ ಹಾಡು ಬೇರೆ ಯಾವ ಕಂಪನಿಯ ಐಪಾಡ್‌ನಂಥ ಪ್ಲೇಯರಿನಲ್ಲೂ ನುಡಿಯುತ್ತಿರಲಿಲ್ಲ. ನಮ್ಮದೇ ಸಿ.ಡಿ.ಯಿಂದ ಇಳಿಸಿಕೊಂಡ ಎಂಪಿ3ಗಳಿಗೆ ಈ ಕಟ್ಟು ಇರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ಇನ್ನೂರು ಮುನ್ನೂರು ಹಾಡು ಕೊಂಡವನು ಮುಂದಿನ ಸಲ ಅಗ್ಗದ, ಅಥವಾ ಉತ್ತಮವಾದ, ಇನ್ನೊಂದು ಪ್ಲೇಯರ್ ಕೊಳ್ಳಹೊರಟರೆ ಆ ಹಾಡುಗಳ ಹಣವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು. 2004ರಲ್ಲಿ ರಿಯಲ್‌ನೆಟ್‌ವರ್ಕ್ಸ್ ಎಂಬ ಕಂಪನಿ ತನ್ನ ಅಂಗಡಿಯ ಹಾಡುಗಳೂ ಐಪಾಡ್‌ನಲ್ಲಿ ನುಡಿಯುವಂತೆ ದಾರಿ ಕಂಡುಕೊಂಡಿತು. ಆ್ಯಪಲ್ ಮುಂದಿನ ತಂತ್ರಾಂಶ ಪರಿಷ್ಕರಣೆಗಳಲ್ಲಿ ಆ ದಾರಿಯನ್ನು ಮುಚ್ಚಿತು. ಈ ಬಗ್ಗೆ ಗ್ರಾಹಕರು ಹೂಡಿದ ದಾವೆ ಹತ್ತು ವರ್ಷ ಎಳೆದಾಡಿ, 2014ರ ಡಿಸೆಂಬರ್‌ನಲ್ಲಿ ಓಕ್‌ಲ್ಯಾಂಡ್‌ನ ನ್ಯಾಯಾಲಯದಲ್ಲಿ ಜ್ಯೂರಿಯು ಆ್ಯಪಲ್ ಪರವಾಗಿ ತೀರ್ಮಾನ ಕೊಟ್ಟಿತು. ಆ ಬದಲಾವಣೆಯನ್ನು ಅದು ನಿಜವಾದ ಸುಧಾರಣೆ ಎಂದೇ ಪರಿಗಣಿಸಿತು. ತೀರ್ಪನ್ನು ಒಪ್ಪೋಣ, ಆದರೆ ಅಷ್ಟು ಹೊತ್ತಿಗೆ ಐಪಾಡಿನ ಕಾಲವೇ ಮುಗಿದುಹೋಗಿತ್ತು.

ದೂರೆಲ್ಲವನ್ನೂ ಆ್ಯಪಲ್ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. 2007ರ ಫೆಬ್ರುವರಿಯಲ್ಲಿ ಅದರ ಆಗಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಬೀಗ ಹಾಕಿಸಿದ್ದು ನಾಲ್ಕು ದೊಡ್ಡ ಧ್ವನಿಮುದ್ರಣ ಕಂಪನಿಗಳು, ಅವು ಒಪ್ಪಿದರೆ ತೆಗೆಯಲು ತಾವು ಸಿದ್ಧ ಎಂದರು. 2009ರ ಹೊತ್ತಿಗೆ ಹಾಡುಗಳ ಬೀಗ ಕಳಚಿತು ಕೂಡ. ಇನ್ನು 1979ರಲ್ಲಿ ವಾಕ್‌ಮನ್ ತಂದು ಜಗತ್ತಿಗೇ ಹಾಡು ಹೊತ್ತು ನಡೆಯುವುದನ್ನು ಕಲಿಸಿದ ಸೋನಿಯ ಕಥೆ ಇನ್ನೂ ವಿಚಿತ್ರ. ಒಂದು ಕೈಯಲ್ಲಿ ಯಂತ್ರದ ಕಾರ್ಖಾನೆ, ಇನ್ನೊಂದು ಕೈಯಲ್ಲಿ ಧ್ವನಿಮುದ್ರಣ ಕಂಪನಿ ಇದ್ದ ಅದು, ಎಲ್ಲರೂ ಎಂಪಿ3 ಕೇಳುತ್ತಿದ್ದ ಕಾಲದಲ್ಲಿ ತನ್ನದೇ ಮಾದರಿಗೆ ಹಾಡುಗಳನ್ನು ಮಾರ್ಪಡಿಸಿಕೊಳ್ಳಿ ಎಂದು ಗ್ರಾಹಕರನ್ನು ಕಾಡಿ, 2004ರ ಕೊನೆಗೆ ಮಣಿಯುವಷ್ಟರಲ್ಲಿ ಸಂತೆ ಚದುರಿತ್ತು. ಮೈಕ್ರೋಸಾಫ್ಟ್ ಇತರ ತಯಾರಕರಿಗೆಲ್ಲ ತನ್ನ ಬೀಗವನ್ನು ಒಪ್ಪಿಸಿ, 2006ರಲ್ಲಿ ತಾನೇ ಜೂನ್ ಎಂಬ ಪ್ಲೇಯರ್ ತಂದಾಗ ಅದರಲ್ಲಿ ಆ ಬೀಗದ ಹಾಡುಗಳು ನುಡಿಯದಂತೆ ಮಾಡಿತು. 2008ರಲ್ಲಿ ತನ್ನ ಹಳೆಯ ಹಾಡಿನಂಗಡಿಯ ಕೀಲಿ ಕೊಡುವ ಸರ್ವರ್‌ಗಳನ್ನೇ ನಿಲ್ಲಿಸುವುದಾಗಿ ಸಾರಿತು. ಕೊಂಡವರು ಕಂಪ್ಯೂಟರ್ ಬದಲಿಸಿದರೆ ಹಾಡುಗಳು ಮೂಕವಾಗುತ್ತಿದ್ದವು. ಗ್ರಾಹಕರು ಗದ್ದಲ ಮಾಡಿದ್ದರಿಂದ ಗಡುವು ಮೂರು ವರ್ಷ ಮುಂದಕ್ಕೆ ಹೋಯಿತು, ಅಷ್ಟೆ.

ನಮ್ಮ ಕಡೆ ಈ ಬೀಗದ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಐಟ್ಯೂನ್ಸ್ ಅಂಗಡಿ ಭಾರತದಲ್ಲಿ ತೆರೆದದ್ದೇ 2012ರ ಡಿಸೆಂಬರ್‌ನಲ್ಲಿ. ಅದಕ್ಕೂ ಮೊದಲೇ ನಮ್ಮ ಜನ ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡ್ ತುಂಬ ಹಾಡು ಹಾಕಿಸಿಕೊಳ್ಳುತ್ತಿದ್ದರು. ಹಾಡಿದವರಿಗೆ ಅದರಲ್ಲಿ ಚಿಕ್ಕಾಸೂ ಸೇರುತ್ತಿರಲಿಲ್ಲವಾದ್ದರಿಂದ ಅದನ್ನು ನಾನು ಸಮರ್ಥಿಸಲಾರೆ.

ನನ್ನಲ್ಲಿ 512 ಎಂಬಿಯ, ಹೆಸರು ಅಳಿಸಿಹೋದ ಒಂದು ಎಂಪಿ3 ಪ್ಲೇಯರ್ ಇದೆ. ಉದ್ದ ನನ್ನ ಹೆಬ್ಬೆರಳಿನಷ್ಟು. ತಂದೆಯವರ ಕ್ಯಾಸೆಟ್‌ಗಳಲ್ಲಿದ್ದ, ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳನ್ನು ಅಳಿಯ ಕಂಪ್ಯೂಟರಿಗೆ ಇಳಿಸಿ ಅದಕ್ಕೆ ತುಂಬಿಕೊಟ್ಟಿದ್ದ. ಟೇಪಿನ ಸರಸರ ಸದ್ದೂ ಹಾಗೆಯೇ ಬಂದಿದೆ. ಒಂದು ಪದದ ನಡುವೆ ಯಾರೋ ಗುಂಡಿ ಒತ್ತಿದ ಟಕ್ ಎಂಬ ಶಬ್ದವೂ ಇದೆ. ಸೆಲ್ಲು ತೀರಿದರೆ ಮೂಲೆಯ ಕಿರಾಣಿ ಅಂಗಡಿಯಿಂದ ಸಣ್ಣ ಪೆನ್ಸಿಲ್ ಸೆಲ್ ತಂದು ಹಾಕುತ್ತೇನೆ, ಮತ್ತೆ ಹಾಡುತ್ತದೆ. ಇದೇ ಪದಗಳನ್ನು ಒಳ್ಳೆಯ ಧ್ವನಿಯಲ್ಲಿ ಕೇಳುವ ಆಸೆಯಿಂದ ಹೋದ ವರ್ಷ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿ, ನಲವತ್ತಕ್ಕೂ ಹೆಚ್ಚು ಪದಗಳನ್ನು ಫೋನಿಗೆ ಇಳಿಸಿಕೊಂಡಿದ್ದೆ. ಮಳೆಗಾಲದ ಒಂದು ಬೆಳಿಗ್ಗೆ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳು ಮಸುಕಾಗಿದ್ದವು. ಒತ್ತಿದರೆ, ಈ ಹಾಡು ಈಗ ಲಭ್ಯವಿಲ್ಲ ಎಂಬ ಒಂದು ಸಾಲು. ಕಾರಣ ಕೇಳಿ ಬರೆದದ್ದಕ್ಕೆ, ಹಕ್ಕುದಾರರೊಂದಿಗಿನ ಒಪ್ಪಂದ ಮುಗಿದಿದೆ ಎಂಬ ಸಿದ್ಧ ಉತ್ತರ ಬಂತು. ಚಂದಾ ಮಾತ್ರ ಪೂರ್ತಿ ಮುಂಗಡ ಕಟ್ಟಿಸಿಕೊಂಡದ್ದು.

ಬಾಡಿಗೆಯೆಂದು ತಿಳಿದೇ ಚಂದಾ ಕಟ್ಟಿದೆನಾದ್ದರಿಂದ ನನ್ನ ಹನ್ನೊಂದು ಪದಗಳಿಗಾಗಿ ಹೆಚ್ಚು ಅಳಲಾರೆ. ಆದರೆ ಹಲವು ಡಿಜಿಟಲ್ ಅಂಗಡಿಗಳು ‘ಖರೀದಿಸಿ’ ಎಂಬ ಗುಂಡಿಯಿಟ್ಟು, ಒಳಗಿನ ಷರತ್ತುಗಳಲ್ಲಿ ಇದು ಕೇವಲ ಬಳಕೆಯ ಪರವಾನಗಿ ಎಂದು ಸಣ್ಣಕ್ಷರದಲ್ಲಿ ಬರೆಯುತ್ತವೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಇದಕ್ಕೆ ಕಾನೂನಿನ ತಡೆ ಬಿದ್ದಿದೆ: ಕೊಡುವುದು ಪರವಾನಗಿ ಮಾತ್ರವಾದರೆ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸದೆ ಖರೀದಿ ಎಂಬ ಪದ ಬಳಸುವಂತಿಲ್ಲ, ಶಾಶ್ವತವಾಗಿ ಇಳಿಸಿಕೊಳ್ಳಲು ಬಿಡುವ ಅಂಗಡಿಗೆ ಈ ಕಟ್ಟಿಲ್ಲ. ದೊಡ್ಡ ಕಂಪನಿಗಳನ್ನು ಬಗ್ಗಿಸಲಾಗದು ಎಂಬ ಮಾತೂ ಪೂರ್ತಿ ನಿಜವಲ್ಲ. ಅಗ್ಗದ ಚಂದಾ ಹೊರಗೆ ಸಿಗುತ್ತದೆಂದು ಸಂಗೀತದ ಆ್ಯಪ್‌ಗಳು ತಮ್ಮ ಗ್ರಾಹಕರಿಗೆ ತಿಳಿಸದಂತೆ ತಡೆದದ್ದಕ್ಕಾಗಿ ಐರೋಪ್ಯ ಆಯೋಗ 2024ರ ಮಾರ್ಚ್‌ನಲ್ಲಿ ಆ್ಯಪಲ್‌ಗೆ 180 ಕೋಟಿ ಯೂರೊಗೂ ಮೀರಿದ ದಂಡ ಹಾಕಿತು. ನಮ್ಮ ಸ್ಪರ್ಧಾ ಆಯೋಗವೂ 2022ರಲ್ಲಿ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದೆ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ಕ್ರಮ ಜರುಗಿಸಬಲ್ಲ ಪ್ರಾಧಿಕಾರವೂ ಅದರಡಿ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಈ ಒಂದು ಗುಂಡಿಯ ಮೇಲಿನ ಪದದಿಂದಲೇ ಆರಂಭಿಸಲಿ. ಗ್ರಾಹಕನಿಗೆ ತಿಳಿಸಬೇಕಾದ ಆ ಷರತ್ತನ್ನು ಕನ್ನಡದಲ್ಲೂ ಬರೆಯಬೇಕೆಂದು ವಿಧಿಸಲಿ.

ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕ, ಧಾರವಾಡ