ಪಾಟಿಫರ್ ಅಜ್ಜ ಎಲ್ಲರೆದುರು ಹಾಡಲಿಲ್ಲ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಹಿಂದಿನಿಂದ ಕೇಳಿಸುತ್ತಿದ್ದ ಹಾಡು ಯಾವುದು ಅಂತ ಕೇಳಿದ್ದೆಯಲ್ಲ, ಉತ್ತರ ಉದ್ದವಾಯಿತು. ಬೇರೆಯವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಅದು ಇಂಗ್ಲೆಂಡಿನ ಜನಪದ ಗೀತೆ, 'ಬುಷಸ್ ಅಂಡ್ ಬ್ರಾಯರ್ಸ್'. 1903ರ ಡಿಸೆಂಬರ್. ಎಸೆಕ್ಸ್‌ನ ಇಂಗ್ರೇವ್ ಹಳ್ಳಿಯಲ್ಲಿ, ಪಾದ್ರಿಯ ಮನೆಯಲ್ಲಿ ವಯಸ್ಸಾದವರಿಗೊಂದು ಚಹಾಕೂಟ. ಸಂಗೀತಗಾರ ವಾನ್ ವಿಲಿಯಮ್ಸ್ ಅಲ್ಲಿಗೆ ಹೋಗಿದ್ದ. ಚಾರ್ಲ್ಸ್ ಪಾಟಿಫರ್ ಎಂಬ ಕೂಲಿಯಾಳು ಅಜ್ಜ, ಇಷ್ಟು ಜನರೆದುರು ಹಾಡಲಾರೆ, ನಾಳೆ ಮನೆಗೆ ಬಂದರೆ ಹಾಡುತ್ತೇನೆ ಅಂದನಂತೆ. ಡಿಸೆಂಬರ್ 4ರಂದು ಮನೆಯಲ್ಲಿ ಈ ಹಾಡು ಹೇಳಿದ. ಹುಟ್ಟಿದಾಗಿನಿಂದ ಬಲ್ಲ ಹಾಡನ್ನೇ ಕೇಳಿದಂತಾಯಿತಂತೆ ವಾನ್ ವಿಲಿಯಮ್ಸ್‌ಗೆ. ಮುಂದೆ 800ಕ್ಕೂ ಹೆಚ್ಚು ಹಾಡು ಸಂಗ್ರಹಿಸಿದ. ಇದನ್ನು ಗಂಡಸರ ನಾಲ್ಕು ದನಿಗೆ ಹೊಂದಿಸಿದ.

ಹಾಡಿನಲ್ಲಿ ವಸಂತ. ಹಕ್ಕಿ ಹಾಡುತ್ತಿವೆ, ಕುರಿಮರಿ ಕುಣಿಯುತ್ತಿವೆ. ಮುಳ್ಳುಪೊದೆಗಳ ನಡುವೆ ಹೋಗುತ್ತಿದ್ದವನ ಕಿವಿಗೆ ಹುಡುಗಿಯೊಬ್ಬಳು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಬೀಳುತ್ತದೆ. ಹೋಗಿ ನನ್ನ ನಲ್ಲನಿಗೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡಲೇ? ಒಲ್ಲೆ ಅಂದುಬಿಟ್ಟರೆ? ಧೈರ್ಯ ಮಾಡಿದ್ದಕ್ಕೇ ಅವನ ಮನಸ್ಸು ಮುರಿದರೆ?

ನಮ್ಮೂರ ಸೋಬಾನೆಯಲ್ಲಿ ಇಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಅದೇ ಧಾಟಿಯಲ್ಲಿ ಹಿಡಿಯುತ್ತಾರೆ. ಇಲ್ಲಿ ಧಾಟಿ ಒಬ್ಬರದು, ಜೊತೆಗೆ ಬೇರೆ ಬೇರೆ ದಾರಿ ಹಿಡಿದ ದನಿಗಳು. ನಮ್ಮ ಕಾಯರ್‌ನಲ್ಲಿ, ಅಂದರೆ ಗುಂಪಾಗಿ ಹಾಡುವ ತಂಡದಲ್ಲಿ, ನಾನು ಎಲ್ಲಕ್ಕಿಂತ ಕೆಳಗಿನ ದನಿ, ಬೇಸ್. ನನ್ನ ಸಾಲನ್ನಷ್ಟೇ ಗುನುಗಿದರೆ ಹಾಡಿನ ಗುರುತೇ ಹತ್ತುವುದಿಲ್ಲ. ಹೀಗೆ ಹೊಂದಿಸಿದರೆ ಜನಪದ ಕೆಡುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ ಕಣೋ. ಆ ಹುಡುಗಿಯ ಭಯಕ್ಕೆ ಇಷ್ಟೊಂದು ಗಂಡಸರು ತಮ್ಮ ದನಿ ಕೊಟ್ಟು ನಿಲ್ಲುವುದು ನನಗೆ ದೊಡ್ಡ ವಿಷಯ.

ಆದರೆ ಒಂದು ಕಸಿವಿಸಿ. ಪಾಟಿಫರ್ ಅಜ್ಜನಿಗೆ ಜನರೆದುರು ಬಾಯಿ ಬರಲಿಲ್ಲ, ಮನೆಯಲ್ಲಿ ಬಂತು. ನನ್ನದು ಉಲ್ಟಾ. ಕಾಯರ್‌ನಲ್ಲಿ ನಿಂತರೆ ಆ ಹುಡುಗಿಯ ಮಾತು ಸಲೀಸು. ಮನೆಯಲ್ಲಿ ಒಬ್ಬನೇ ಹಾಡಹೊರಟರೆ ಗಂಟಲು ಕಟ್ಟುತ್ತದೆ. ಯಾಕೆ ಅಂತ ನಿನಗೆ ಗೊತ್ತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಅವಳ ಜೊತೆ ಅಷ್ಟು ಸಂಜೆ ನಡೆದೆ. ಪರೀಕ್ಷೆ, ಪೆಲಿಕನ್ ಹಕ್ಕಿ, ಅವಳಪ್ಪನ ಮಂಡಿನೋವು, ಎಲ್ಲ ಮಾತಾಡಿದೆ. ಆ ಒಂದನ್ನು ಬಿಟ್ಟು. ಈಗಲೂ ಭಾನುವಾರ ಫೋನು ಮಾಡುತ್ತಾಳೆ. ಈಗಲೂ ಆ ಹುಡುಗಿಯ ಲೆಕ್ಕಾಚಾರವೇ ನನ್ನದೂ: ಹೇಳಿದರೆ ಭಾನುವಾರವೂ ಹೋದರೆ?

ಅವಳೂ ಇಲ್ಲಿ ಓದುತ್ತಾಳೆ. ಗೊತ್ತಿದ್ದೇ ಬರೆಯುತ್ತಿದ್ದೇನೇನೋ.

ಸಾಕು, ಸಾಕು. ಮೇ ತಿಂಗಳಲ್ಲಿ ನಮ್ಮ ಕಾರ್ಯಕ್ರಮ, ರೆಕಾರ್ಡಿಂಗ್ ಕಳಿಸುತ್ತೇನೆ. ಹೆಡ್‌ಫೋನ್ ಹಾಕಿ ಕೇಳು, ನಿನ್ನ ಆ ಡಬ್ಬಾ ಸ್ಪೀಕರಿನಲ್ಲಿ ಬೇಸ್ ಕೇಳಿಸುವುದಿಲ್ಲ. ಮತ್ತೆ, ಮೇಷ್ಟ್ರ ಸ್ವೆಟರ್ ಹಸಿರೇ. ಪಂದ್ಯ ನಾನು ಗೆದ್ದೆ, ಮಸಾಲೆ ದೋಸೆ ನಿನ್ನದು.

ಇತಿ ನಿನ್ನ,
ಕೆಳದನಿಯವನು