ಧರ್ಮಶಿಕ್ಷಣದ ಅವಧಿಯಲ್ಲಿ ಏನು ನಡೆಯುತ್ತದೆ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ಕಳೆದ ಪೋಷಕರ ಸಭೆಯಲ್ಲಿ ಗಣಿತದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಸಮಯವೆಲ್ಲ ಧರ್ಮಶಿಕ್ಷಣಕ್ಕೇ ಹೋಯಿತು. ಕಥೋಲಿಕ ಶಾಲೆ ಎಂದು ಹೆಸರಿಟ್ಟುಕೊಂಡು ಮಕ್ಕಳಿಗೆ ಜಪಸರವನ್ನೂ (ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆ) ನೆಟ್ಟಗೆ ಕಲಿಸುವುದಿಲ್ಲವಲ್ಲ ಎಂದು ಕೆಲವರು ದೂರಿದರು. ನಾವು ಕ್ರೈಸ್ತರಲ್ಲ, ಮಗಳು ಮನೆಗೆ ಬಂದು ಯೇಸುವಿನ ಕತೆ ಹೇಳುತ್ತಾಳೆ, ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಇನ್ನು ಕೆಲವರು ಕೇಳಿದರು. ಎರಡು ಪತ್ರ ಬರೆಯುವ ಬದಲು ಒಂದನ್ನೇ ಬರೆಯುತ್ತಿದ್ದೇನೆ. ಇಬ್ಬರಿಗೂ ನಾನು ಹೇಳಬೇಕಾದದ್ದು ಒಂದೇ: ಶಾಲೆಯ ಧರ್ಮಶಿಕ್ಷಣ ಬೇರೆ, ಧರ್ಮಕೇಂದ್ರದ (ಊರಿನ ಚರ್ಚಿನ) ಧರ್ಮೋಪದೇಶ ಬೇರೆ.

ಇದು ಪ್ರಶ್ನೆಯಿಂದ ಜಾರಿಕೊಳ್ಳಲು ನಾನು ಹೂಡಿದ ಉಪಾಯವಲ್ಲ. ಕಥೋಲಿಕ ಶಾಲೆಗಳ ಬಗ್ಗೆ ವ್ಯಾಟಿಕನ್ 1988ರಲ್ಲಿ ಹೊರಡಿಸಿದ ಮಾರ್ಗದರ್ಶಿಯೇ ಈ ಗೆರೆ ಎಳೆದಿದೆ. ಎರಡಕ್ಕೂ ಹತ್ತಿರದ ನಂಟಿದೆ, ಆದರೂ ಎರಡೂ ಒಂದಲ್ಲ ಎಂಬುದು ಅದರ ನಿಲುವು. ಧರ್ಮೋಪದೇಶಕ್ಕೆ ಬಂದು ಕೂರುವವರು ಕ್ರಿಸ್ತನ ಸಂದೇಶವನ್ನು ಒಪ್ಪಿಕೊಂಡೇ ಬಂದಿರುತ್ತಾರೆ. ಶಾಲೆಯ ಗುರಿ ತಿಳಿವಳಿಕೆ. ಹಾಗಾಗಿ ನಮ್ಮ ತರಗತಿಯಲ್ಲಿ ಧರ್ಮವೂ ಒಂದು ಪಾಠ. ಅದಕ್ಕೆ ಪುಸ್ತಕವಿದೆ, ಟಿಪ್ಪಣಿಯಿದೆ, ಪರೀಕ್ಷೆಯಿದೆ, ಕೊನೆಯ ಬೆಂಚಿನಲ್ಲಿ ಆಕಳಿಸುವವರೂ ಇದ್ದಾರೆ.

ಒಂದು ಪಾಠ ಹೇಗೆ ನಡೆಯಿತು ಎಂದು ಹೇಳಿದರೆ ನಿಮಗೆ ಸ್ಪಷ್ಟವಾದೀತು. ಕಳೆದ ವಾರ ನಾಲ್ಕನೆಯ ತರಗತಿಯಲ್ಲಿ ಬೈಬಲಿನ ಲೂಕನ ಶುಭಸಂದೇಶದ 15ನೆಯ ಅಧ್ಯಾಯವಿತ್ತು, ದುಂದುಗಾರ ಮಗನ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತಕತೆ. ಪಾಲು ಕೇಳಿ ಪಡೆದು ಮನೆ ಬಿಟ್ಟ ಕಿರಿಯ ಮಗ ಎಲ್ಲವನ್ನೂ ಕಳೆದುಕೊಂಡು ಮರಳುತ್ತಾನೆ. ತಂದೆ ಓಡಿಹೋಗಿ ಅಪ್ಪಿಕೊಂಡು ಔತಣ ಮಾಡಿಸುತ್ತಾನೆ. ಹೊಲದಿಂದ ಬಂದ ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ. ಅವನು ಒಳಗೆ ಹೋದನೇ? ಲೂಕ ಹೇಳುವುದಿಲ್ಲ. ಶಿಕ್ಷಕಿ ಅಲ್ಲಿಗೇ ನಿಲ್ಲಿಸಿ, ಮುಂದಿನದನ್ನು ನೀವೇ ಬರೆಯಿರಿ ಎಂದರು.

ನೋಟ್‌ಬುಕ್‌ಗಳು ನನ್ನ ಮೇಜಿಗೂ ಬಂದವು. ಒಬ್ಬಳು ಬರೆದಿದ್ದಾಳೆ: ಅಣ್ಣ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದ, ಊಟಕ್ಕೂ ಕುಳಿತ, ಆದರೆ ತಮ್ಮನ ಪಕ್ಕದಲ್ಲಿ ಕೂರಲಿಲ್ಲ. ಇನ್ನೊಬ್ಬ ಕತೆ ಮುಂದುವರಿಸದೆ ತಂದೆಯನ್ನೇ ತರಾಟೆಗೆ ತೆಗೆದುಕೊಂಡಿದ್ದಾನೆ: 'ಅಣ್ಣ ಹೊಲದಲ್ಲಿ ಕೆಲಸ ಮಾಡುತ್ತಿದ್ದ. ಅಪ್ಪ ಯಾರನ್ನಾದರೂ ಕಳಿಸಿ ಅವನನ್ನು ಮೊದಲೇ ಕರೆಸಬೇಕಿತ್ತು. ಕುಣಿತದ ಸದ್ದು ಕೇಳಿ ಆಳಿನಿಂದ ತಿಳಿಯುವ ಹಾಗೆ ಮಾಡಬಾರದಿತ್ತು.' ಮೂಲದಲ್ಲಿ ನಿಜಕ್ಕೂ ಹಾಗೆಯೇ ಇದೆ. ವರ್ಷವರ್ಷವೂ ಈ ಭಾಗದ ಪ್ರಬೋಧನೆ ಕೇಳುವ ದೊಡ್ಡವರಲ್ಲಿ ಎಷ್ಟು ಜನ ಇದನ್ನು ಗಮನಿಸಿದ್ದಾರೋ ಕಾಣೆ. ಆ ಹುಡುಗನಿಗೆ ಪೂರ್ತಿ ಅಂಕ ಸಿಕ್ಕಿದೆ. ಅವನು ಯಾವ ಧರ್ಮದವನೆಂದು ಇಲ್ಲಿ ಬರೆಯುವುದಿಲ್ಲ. ಅಂಕ ಹಾಕುವಾಗಲೂ ಅದು ಲೆಕ್ಕಕ್ಕೆ ಬರಲಿಲ್ಲ.

ಅಂಕಪಟ್ಟಿಯಲ್ಲಿರುವ ಧರ್ಮಶಿಕ್ಷಣದ ಸಾಲಿನ ಬಗ್ಗೆ ಗೊಂದಲ ಬೇಡ. ಮಗು ಕತೆಯನ್ನು ಅರಿತಿದೆಯೇ, ಹಬ್ಬ, ಸಂಸ್ಕಾರ, ಸಂತರ ಬಗ್ಗೆ ಸರಿಯಾಗಿ ಹೇಳಬಲ್ಲದೇ, ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬಲ್ಲದೇ ಎಂಬುದನ್ನು ಮಾತ್ರ ಅಳೆಯುತ್ತೇವೆ. ಭಕ್ತಿಗೆ ಅಂಕವಿಲ್ಲ. ಹಾಗೆ ಕೊಡತೊಡಗಿದರೆ ಮಕ್ಕಳು ಮೊದಲು ಕಲಿಯುವುದು ನಟನೆ.

ಇನ್ನು ಕಥೋಲಿಕ ಕುಟುಂಬಗಳಿಗೆ ಎರಡು ಮಾತು. ಪ್ರಥಮ ಪರಮಪ್ರಸಾದದ, ಅಂದರೆ ಚರ್ಚಿನ ಪೂಜೆಯಲ್ಲಿ ಮಗು ಮೊದಲ ಬಾರಿ ಪವಿತ್ರ ರೊಟ್ಟಿ ಸ್ವೀಕರಿಸುವ ಸಂಸ್ಕಾರದ, ಸಿದ್ಧತೆಯನ್ನು ಶಾಲೆಯೇ ಮುಗಿಸಿಕೊಡಲಿ ಎಂಬ ಬೇಡಿಕೆ ಪ್ರತಿ ವರ್ಷ ಬರುತ್ತದೆ. ಮಕ್ಕಳು ವಿವೇಕದ ವಯಸ್ಸಿಗೆ, ಅಂದರೆ ಸುಮಾರು 7 ವರ್ಷಕ್ಕೆ ಬಂದಾಗಲೇ ಪರಮಪ್ರಸಾದ ಸ್ವೀಕರಿಸಬಹುದೆಂದು ಜಗದ್ಗುರು (ಪೋಪ್) ಹತ್ತನೆಯ ಪಿಯುಸ್ ಅವರ ಕಾಲದಲ್ಲಿ, 1910ರಲ್ಲಿ, ಆದೇಶ ಹೊರಟಿತು. ಅದಕ್ಕೆ ಮುಂಚೆ ಅನೇಕ ಕಡೆ ಮಕ್ಕಳು ಇನ್ನೂ ಹಲವು ವರ್ಷ ಕಾಯಬೇಕಾಗಿತ್ತು. ವಯಸ್ಸು ಇಳಿದಷ್ಟೂ ಮನೆಯ ಹೊಣೆ ಏರಿತು. 1983ರ ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು ಸಂಹಿತೆಯ 914ನೆಯ ವಿಧಿ ಈ ಸಿದ್ಧತೆಯ ಹೊಣೆಯನ್ನು ಮೊದಲು ತಂದೆತಾಯಿಗೆ, ಜೊತೆಗೆ ಧರ್ಮಕೇಂದ್ರದ ಗುರುಗಳಿಗೆ (ಪಾದ್ರಿಗಳಿಗೆ) ಒಪ್ಪಿಸುತ್ತದೆ. ಪರಮಪ್ರಸಾದ ಎಂದರೆ ಏನು, ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆಯ) ಯಾವ ಭಾಗದಲ್ಲಿ ಏನಾಗುತ್ತದೆ, ಇದನ್ನೆಲ್ಲ ನಾವು ಚೆನ್ನಾಗಿಯೇ ಕಲಿಸುತ್ತೇವೆ. ಭಾನುವಾರ ಮಗುವಿನ ಕೈ ಹಿಡಿದು ದೇವಾಲಯಕ್ಕೆ ಕರೆದೊಯ್ಯುವವರು ನೀವೇ ಆಗಬೇಕು. ಮನೆಯಲ್ಲಿ ಯಾರೂ ಜಪಸರ ಮುಟ್ಟದಿರುವಾಗ ಶಾಲೆ ಅದನ್ನು ಬಾಯಿಪಾಠ ಮಾಡಿಸಿದರೆ ಅದು ಮಗ್ಗಿಯಂತೆ ಮಗುವಿನ ನಾಲಗೆಯ ಮೇಲೆ ಉಳಿದೀತು, ಅಷ್ಟೇ.

ಬೇರೆ ಧರ್ಮದ, ಅಥವಾ ಯಾವ ಧರ್ಮವನ್ನೂ ಅನುಸರಿಸದ ಕುಟುಂಬಗಳ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಕಥೋಲಿಕ ಬಿಷಪ್ಪರ ಸಭೆ, 1965ರ ಅಕ್ಟೋಬರ್ 28ರಂದು, ಒಂದೇ ದಿನ, ಈ ವಿಚಾರಕ್ಕೆ ಸೇರಿದ ಎರಡು ಘೋಷಣೆಗಳನ್ನು ಹೊರಡಿಸಿತು. ಒಂದರಲ್ಲಿ ಮಕ್ಕಳ ಮೊದಲ ಮತ್ತು ಮುಖ್ಯ ಶಿಕ್ಷಕರು ತಂದೆತಾಯಿಯೇ ಎಂದಿದೆ. ಇನ್ನೊಂದರಲ್ಲಿ ಇತರ ಧರ್ಮಗಳಲ್ಲಿರುವ ಸತ್ಯವಾದದ್ದನ್ನೂ ಪವಿತ್ರವಾದದ್ದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದಿದೆ. ಅದೇ ವರ್ಷದ ಡಿಸೆಂಬರ್ 7ರಂದು, ನಂಬಿಕೆಯ ವಿಷಯದಲ್ಲಿ ಯಾರ ಮೇಲೂ ಬಲವಂತ ಸಲ್ಲದೆಂದು ಮೂರನೆಯ ಘೋಷಣೆ ಬಂತು. ನಮ್ಮ ಶಾಲೆ ನಡೆಯುವುದು ಇವುಗಳ ಬೆಳಕಿನಲ್ಲಿ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನಿಮ್ಮ ಮಗು ಸುಮ್ಮನೆ ನಿಂತರೆ ಸಾಕು. ಶಿಲುಬೆಯ ಗುರುತು ಹಾಕೆಂದು ಯಾರೂ ಹೇಳುವುದಿಲ್ಲ. ಹೇಳಿದರೆ ನನಗೆ ತಿಳಿಸಿ. ಶಾಲೆಯ ಬಲಿಪೂಜೆಯ ದಿನ ಗ್ರಂಥಾಲಯ ತೆರೆದಿರುತ್ತದೆ, ಅಲ್ಲೊಬ್ಬರು ಶಿಕ್ಷಕರೂ ಇರುತ್ತಾರೆ. ಐದನೆಯ ತರಗತಿಯಲ್ಲಿ ಇತರ ಧರ್ಮಗಳ ಪಾಠಗಳಿವೆ. ಅವನ್ನೂ ಇಷ್ಟೇ ಗೌರವದಿಂದ ಹೇಳಿಕೊಡುತ್ತೇವೆ.

ವಿಜ್ಞಾನದ ಪ್ರಶ್ನೆ ಕೇಳಿದ ತಂದೆಯೊಬ್ಬರಿಗೆ ಸಭೆಯಲ್ಲಿ ಉತ್ತರಿಸಲು ಹೊತ್ತಿರಲಿಲ್ಲ. ಆರು ದಿನಗಳಲ್ಲಿ ಸೃಷ್ಟಿಯಾಯಿತೆಂದರೆ ಡೈನೋಸಾರ್‌ಗಳು ಯಾವ ದಿನ ಬಂದವು ಎಂದು ಎರಡನೆಯ ತರಗತಿಯಿಂದಲೇ ಮಕ್ಕಳು ಕೇಳುತ್ತಾರೆ. ಜಾಣ ಪ್ರಶ್ನೆ. 'ಹಾಗೆಲ್ಲ ಕೇಳಬಾರದು' ಎಂಬ ಉತ್ತರ ನಮ್ಮ ಶಾಲೆಯಲ್ಲಿ ನಿಷಿದ್ಧ. ಬೈಬಲಿನ ಆದಿಕಾಂಡದ ಆ ಪುಟಗಳನ್ನು ವಿಜ್ಞಾನದ ವರದಿಯಂತೆ ಓದಬೇಕೆಂದು ಕಥೋಲಿಕ ಧರ್ಮಸಭೆ ಕೇಳುವುದಿಲ್ಲ ಎಂದು ಶಿಕ್ಷಕರು ನೇರವಾಗಿಯೇ ಹೇಳುತ್ತಾರೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಬೆಲ್ಜಿಯಂನ ಜಾರ್ಜ್ ಲಮೇತ್ರ್ ಕಥೋಲಿಕ ಗುರುವಾಗಿದ್ದರು. ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡು 1866ರಲ್ಲಿ ಪ್ರಕಟಿಸಿದ ಗ್ರೆಗರ್ ಮೆಂಡೆಲ್ ಮಠದ ಸನ್ಯಾಸಿ. ಈ ಇಬ್ಬರ ಚಿತ್ರಗಳೂ ನಮ್ಮ ವಿಜ್ಞಾನದ ಕೋಣೆಯ ಗೋಡೆಯ ಮೇಲಿವೆ. ಮಕ್ಕಳಿಗೆ ಇದರಲ್ಲೇನೂ ಅಚ್ಚರಿಯಿಲ್ಲ, ಅಚ್ಚರಿಪಡುವವರು ಸಂದರ್ಶಕರು.

ಚಿಕ್ಕ ತರಗತಿಗಳಲ್ಲಿ ಪಾಠ ಹೆಚ್ಚಾಗಿ ಕೈಕೆಲಸವೇ. ಪೂಜಾಕಾಲ ಬದಲಾದಂತೆ ಮೇಜಿನ ಬಟ್ಟೆಯನ್ನು ಮಕ್ಕಳೇ ಬದಲಿಸುತ್ತಾರೆ: ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲಕ್ಕೂ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲಕ್ಕೂ ನೇರಳೆ, ಕ್ರಿಸ್ಮಸ್ ಮತ್ತು ಪಾಸ್ಕಕ್ಕೆ (ಈಸ್ಟರ್‌ಗೆ) ಬಿಳಿ, ಸಾಧಾರಣ ಕಾಲಕ್ಕೆ ಹಸಿರು. ಪವಿತ್ರಾತ್ಮರ ಹಬ್ಬದ ಕೆಂಪು ಬಟ್ಟೆ ಹಾಸಲು ಪೈಪೋಟಿಯೇ ನಡೆಯುತ್ತದೆ.

ಈಗ ಕೆಲಸದ ಮಾತು. ಪ್ರಾರ್ಥನೆ ಅಥವಾ ಬಲಿಪೂಜೆಯಲ್ಲಿ ಮಗು ಭಾಗವಹಿಸುವುದು ಬೇಡವೆನ್ನುವವರು ಲಗತ್ತಿಸಿದ ನಮೂನೆಯನ್ನು ತುಂಬಿ ತಿಂಗಳ ಕೊನೆಯೊಳಗೆ ತರಗತಿಯ ಶಿಕ್ಷಕರಿಗೆ ಕಳಿಸಿ. ಕಾರಣ ಬರೆಯಬೇಕಾಗಿಲ್ಲ. ಪ್ರಥಮ ಪರಮಪ್ರಸಾದದ ನೋಂದಣಿ ಧರ್ಮಕೇಂದ್ರದ ಕಚೇರಿಯಲ್ಲಿ ನಡೆಯುತ್ತದೆ, ಶಾಲೆಯಲ್ಲಿ ಅಲ್ಲ. ತಿಂಗಳಿಗೊಮ್ಮೆಯಾದರೂ ಮಗುವಿನ ಧರ್ಮಶಿಕ್ಷಣದ ನೋಟ್‌ಬುಕ್ ತೆರೆದು ಓದಿ, ಬರಿದೇ ಸಹಿ ಹಾಕಿ ಕಳಿಸಬೇಡಿ. ಇಷ್ಟಾದ ಮೇಲೂ ಸಂಶಯ ಉಳಿದವರು ಗುರುವಾರದ ಮೂರನೆಯ ಅವಧಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು. ಕೈಯೆತ್ತಿ ಉತ್ತರ ಹೇಳುವ ಸರದಿ ಮಾತ್ರ ಮಕ್ಕಳದ್ದು.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ