ಕೆಮ್ಮಿನ ಬಗ್ಗೆ ಕೇಳಲು ಕಲಿಸಿದ ಅಕ್ಕನಿಗೆ

ಮೊನ್ನೆ ನಮ್ಮ ಕಾಲೇಜಿನ ಒಂದು ಎಂ.ಬಿ.ಬಿ.ಎಸ್. ಬ್ಯಾಚು ಇಂಟರ್ನ್‌ಶಿಪ್ ಮುಗಿಸಿತು. ಲೈಂಗಿಕ ವೈವಿಧ್ಯದ ಬಗ್ಗೆ ನಾನು ಮೊದಲ ಸಲ ಪಾಠ ಮಾಡಿದ್ದು ಇದೇ ಮಕ್ಕಳಿಗೆ, 2022ರಲ್ಲಿ. ಈಗ ಅವರೆಲ್ಲ ಡಾಕ್ಟರು. ಈ ಹೊತ್ತಿನಲ್ಲಿ ಕೆಲವರಿಗೆ ಥ್ಯಾಂಕ್ಸ್ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಶುರುವಿನಲ್ಲಿ ನನಗೆ ಧೈರ್ಯವೇ ಇರಲಿಲ್ಲ. ನಾನು ಓದುವಾಗ ಫೊರೆನ್ಸಿಕ್ ಪುಸ್ತಕದಲ್ಲಿ ಸಲಿಂಗ ಪ್ರೀತಿ ಇದ್ದದ್ದು ಅಪರಾಧ, ವಿಕೃತಿ ಅನ್ನುವ ಪಟ್ಟಿಯಲ್ಲಿ. ಅದನ್ನೇ ಬಾಯಿಪಾಠ ಮಾಡಿ ಪಾಸಾದವಳು ನಾನು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿತ್ತು ಅಂತ ನಮಗೆ ಯಾರೂ ಹೇಳಲಿಲ್ಲ. 2018ರಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟಿನಿಂದ 377ನೇ ಕಲಮಿನ ತೀರ್ಪು ಬಂದಾಗಲೂ ನಮ್ಮ ಕ್ಲಾಸುಗಳು ಹಾಗೇ ಇದ್ದವು.

ದಾರಿ ತೆರೆದದ್ದು 2021ರಲ್ಲಿ. ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರ ಮುಂದೆ ಒಂದು ಸಲಿಂಗಿ ಜೋಡಿಯ ಕೇಸು ಬಂತು. ತಮಗೆ ಈ ವಿಷಯ ಸರಿಯಾಗಿ ಗೊತ್ತಿಲ್ಲ ಎಂದು ಅವರು ಬಾಯಿಬಿಟ್ಟು ಒಪ್ಪಿಕೊಂಡರು. ಮನಶ್ಶಾಸ್ತ್ರಜ್ಞರ ಹತ್ತಿರ ಕೂತು ಕಲಿತರು, ಆಮೇಲೆ ಆದೇಶ ಬರೆದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಸೂಚನೆ ಬಂತು, ಈ ಸಮುದಾಯವನ್ನು ಹೀನಾಯವಾಗಿ ತೋರಿಸುವ ಪಾಠ ಬೇಡ ಅಂತ. ಆ ಕಾಗದ ಹಿಡಿದುಕೊಂಡೇ ನಾನು ಈ ಪಾಠಕ್ಕೆ ಎರಡು ಗಂಟೆ ಸಮಯ ಕೊಡಿ ಅಂತ ಕಾಲೇಜಿನಲ್ಲಿ ಕೇಳಿದ್ದು. "ಇದು ಪರೀಕ್ಷೆಗೆ ಬರುತ್ತಾ ಮೇಡಂ?" ಎಂದವರೂ ಇದ್ದರು. ಇರಲಿ.

ನ್ಯಾಯಮೂರ್ತಿಗಳೇ ಕೂತು ಕಲಿತಿದ್ದಾರೆ, ನನಗೇನು ಅಂತ ಮಂಗಳಮುಖಿಯರ ಸಂಘದಲ್ಲಿ ಕೆಲಸ ಮಾಡುವ ಅಕ್ಕನ ಮನೆಗೆ ಹೋದೆ. ಅಕ್ಕ ಟೀ ಕೊಟ್ಟರು. "ನಾನೇ ಬಂದು ಹೇಳ್ತೀನಿ ಬಿಡಿ" ಅಂದರು.

ಆ ದಿನ ಅಕ್ಕ ಮಲ್ಲಿಗೆ ಮುಡಿದುಕೊಂಡು ಬಂದಿದ್ದರು. ನೂರೈವತ್ತು ಮಕ್ಕಳು ಕೂತ ಹಾಲ್. ಮೈಕ್ ಬೇಡ ಎಂದು ಪಕ್ಕಕ್ಕಿಟ್ಟರು. "ಕೆಮ್ಮು ಅಂತ ಆಸ್ಪತ್ರೆಗೆ ಹೋದೆ. ಆಪರೇಷನ್ ಆಗಿದ್ಯಾ ಅಂತ ಕೇಳಿದ್ರು. ಇನ್ನಿಬ್ಬರನ್ನ ಕರೆದು ತೋರಿಸಿದ್ರು. ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಅಂತ ಜಗಳ ಆಯ್ತು. 'ಅದನ್ನ ಎಲ್ಲಿ ಹಾಕೋದು' ಅಂದ್ರು. ಕೆಮ್ಮಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಎದ್ದು ಮನೆಗೆ ಬಂದೆ."

ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಎಷ್ಟು ದಿನದಿಂದ ಕೆಮ್ಮು ಇತ್ತು ಅಕ್ಕ?" ಎಂದಳು.

"ಮೂರು ವಾರ ಆಗಿತ್ತು ಮಗಳೇ."

ಹಾಲ್ ನಿಶ್ಶಬ್ದವಾಯಿತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು. ಅಕ್ಕನಿಗೆ ಟಿ.ಬಿ. ಅಂತ ಗೊತ್ತಾಗಿದ್ದು ನಾಲ್ಕು ತಿಂಗಳಾದ ಮೇಲೆ, ಬೇರೆ ಕಡೆ. ಆರು ತಿಂಗಳು ಮಾತ್ರೆ ತಿಂದು ಉಳಿದರು. ನನ್ನ ಯಾವ ಸ್ಲೈಡೂ ಹೇಳಲಾಗದ್ದನ್ನು ಆ ಒಂದು ಮಾತು ಹೇಳಿತು. ಅಕ್ಕ, ನಿಮಗೆ ಮೊದಲ ನಮಸ್ಕಾರ. ಪ್ರತಿ ವರ್ಷ ಅದೇ ನೋವನ್ನು ಹೊಸ ಮಕ್ಕಳ ಮುಂದೆ ಮತ್ತೆ ಹೇಳೋದು ಸುಲಭ ಅಲ್ಲ ಅಂತ ನನಗೆ ಗೊತ್ತು.

ಎರಡನೇ ವರ್ಷ ಪಾಠಕ್ಕೆ ಬಂದ ಟ್ರಾನ್ಸ್ ಹುಡುಗನಿಗೂ, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡು ಈಗ ಗಂಡಾಗಿ ಬದುಕುತ್ತಿರುವವನಿಗೂ, ಥ್ಯಾಂಕ್ಸ್. ಗಡ್ಡ ಇದ್ದವರಿಗೂ ಗರ್ಭಕೋಶ ಇರಬಹುದು, ಅವರಿಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಕು ಅಂತ ಮಕ್ಕಳಿಗೆ ನೆನಪಿರುವುದು ಅವನಿಂದ.

ನನ್ನ ವಿದ್ಯಾರ್ಥಿಗಳೇ, ನೀವೂ ನನಗೆ ಕಲಿಸಿದ್ದೀರಿ. ನಮ್ಮ ಓಪಿಡಿಯಲ್ಲಿ ಲೈಂಗಿಕ ಜೀವನದ ಬಗ್ಗೆ ಕೇಳೋದು ಅಂದರೆ "ಮದುವೆ ಆಗಿದ್ಯಾ?" ಅಷ್ಟೇ ಅಲ್ವಾ. ಇಲ್ಲ ಅಂದರೆ ಅಲ್ಲಿಗೆ ಮಾತು ಮುಗೀತು. ಅದರ ಬದಲು "ಜೊತೆಗೆ ಯಾರಾದರೂ ಇದ್ದಾರಾ?" ಎಂದು ಕೇಳೋಣ ಅಂದದ್ದು ನಿಮ್ಮಲ್ಲೇ ಒಬ್ಬರು. ಇನ್ನೊಬ್ಬ ಹೇಳಿದ್ದು ಇನ್ನೂ ಚೆಂದ. ಇಂಗ್ಲಿಷಿನಲ್ಲಿ ಕೇಸ್ ಒಪ್ಪಿಸುವಾಗ 'ಹೀ'ನೋ 'ಶೀ'ನೋ ಅಂತ ತಡವರಿಸುತ್ತೇವೆ, ಕನ್ನಡದಲ್ಲಿ 'ಅವರು' ಅಂದರೆ ಸಾಕಲ್ಲ ಮೇಡಂ, ಅಂದ. ನಿಜ. ಬಡ ರೋಗಿಗೆ ಬಹುವಚನ ಕೊಡೋದನ್ನೇ ನಾವು ಮರೆತಿದ್ದೆವು. ಈಗ ನಮ್ಮ ಕ್ಲಿನಿಕ್‌ನಲ್ಲಿ ಯಾರೇ ಬಂದರೂ "ಬನ್ನಿ, ಕೂತ್ಕೊಳ್ಳಿ, ನಿಮ್ಮನ್ನ ಏನಂತ ಕರೀಲಿ?" ಅಂತಲೇ ಶುರು.

ಫೊರೆನ್ಸಿಕ್ ವಿಭಾಗದ ಸರ್, 2024ರ ಆಗಸ್ಟ್ ಕೊನೆಯಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಸಲಿಂಗ ಸಂಬಂಧ ಮತ್ತೆ 'ಅಸಹಜ ಅಪರಾಧ'ವಾಗಿ ಕಂಡಾಗ ನನಗೆ ಕೈಕಾಲೇ ಆಡಲಿಲ್ಲ. "ನಾನು ಇದನ್ನ ಪಾಠ ಮಾಡಲ್ಲ" ಎಂದು ನೀವು ಸ್ಟಾಫ್ ರೂಮಿನಲ್ಲೇ ಹೇಳಿದಿರಿ. ದೇಶದ ತುಂಬ ಆಕ್ಷೇಪ ಬಂದು ಸೆಪ್ಟೆಂಬರ್ 5ಕ್ಕೆ ಅದನ್ನು ವಾಪಸ್ ತೆಗೆದುಕೊಂಡರು. ಶಿಕ್ಷಕರ ದಿನಕ್ಕೆ ನನಗೆ ಸಿಕ್ಕ ಉಡುಗೊರೆ ಅದು.

ಚೀಟಿ ಕೌಂಟರಿನ ಅಣ್ಣನನ್ನು ಹೇಗೆ ಮರೆಯಲಿ. ಕಂಪ್ಯೂಟರಿನಲ್ಲಿ ಗಂಡು, ಹೆಣ್ಣು ಬಿಟ್ಟು ಮೂರನೇ ಕಾಲಂ ಬರುವವರೆಗೆ ಅವರು ಪೆನ್ನಿನಲ್ಲೇ ಬರೆದು ಕೊಡುತ್ತಿದ್ದರು, ದನಿ ಏರಿಸದೆ.

ಕಳೆದ ವಾರ ರಾತ್ರಿ ಆ ಮೂರನೇ ಸಾಲಿನ ಹುಡುಗಿ ಫೋನ್ ಮಾಡಿದ್ದಳು. ಜ್ವರ ಬಂದ ಒಬ್ಬರನ್ನು ಅವರು ಕೇಳಿದ ವಾರ್ಡಿಗೇ ಸೇರಿಸಿದೆ ಮೇಡಂ, ಸಿಸ್ಟರ್ ಕೂಡ ಒಪ್ಪಿದರು, ಅಂದಳು. ನನಗೆ ಮಾತೇ ಹೊರಡಲಿಲ್ಲ.

ಅಕ್ಕ, ಹೊಸ ಬ್ಯಾಚಿನ ಕ್ಲಾಸು ಮುಂದಿನ ಮಂಗಳವಾರ ಹತ್ತು ಗಂಟೆಗೆ. ಈ ಸಲ ನಮ್ಮ ಜೊತೆ ಊಟ ಮಾಡಿಕೊಂಡೇ ಹೋಗಬೇಕು.